ಟೈಲರಕ್ಕ ಬಾಯಿಬಿಡದ ಅಳತೆ

ಊಟ ಮುಗಿಸಿ ಕುರ್ಚಿಗೆ ಒರಗಿದವನು ಕೂತಲ್ಲೇ ಗೊರಕೆ ಹೊಡೆಯುವುದು ಯಾವ ಮನೆಯಲ್ಲಿಲ್ಲ ಹೇಳಿ? ಟೈಲರಕ್ಕನ ಮನೆಯಲ್ಲೂ ಅದೇ ಕಥೆ. ಬೀದಿಗೆ ತೆರೆದ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಬೆಳಕಿಗೆ ಹೊಲಿಗೆ ಮೆಷಿನ್ನು, ಗೋಡೆಗೆ ಉದ್ದನೆಯ ಕನ್ನಡಿ, ಮೂಲೆಯಲ್ಲಿ ಬಟ್ಟೆ ಹಾಕಿ ನೋಡುವವರಿಗೊಂದು ಪರದೆ. ಒಳಬಾಗಿಲಿನ ಆಚೆ, ನಡುಮನೆಯಲ್ಲಿ ಅವಳ ಗಂಡನ ಕುರ್ಚಿ. ಮೆಷಿನ್ನಿನ ಸದ್ದಿಗೂ ಅವನ ಗೊರಕೆಗೂ ಪೈಪೋಟಿ ನಡೆಯುತ್ತಿತ್ತು. "ಎರಡರಲ್ಲಿ ಒಂದಕ್ಕಾದ್ರೂ ಎಣ್ಣೆ ಬಿಡಕ್ಕ" ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು.

ಗಂಡನನ್ನು ಎಲ್ಲರೂ ಕರೆಯುತ್ತಿದ್ದದ್ದು ಅಳಿಲಣ್ಣ ಎಂದು. ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿದ್ದಾಗ ಕಂಬ ಹತ್ತುವುದರಲ್ಲಿ ಅವನದು ಎತ್ತಿದ ಕೈ. ಉಳಿದವರು ಏಣಿ ತರುವಷ್ಟರಲ್ಲಿ ಅವನು ಮೇಲಿರುತ್ತಿದ್ದ. ಆಮೇಲೆ ಬಡ್ತಿ ಬಂತು. ಈಗ ಕಂಪ್ಲೇಂಟ್ ರೂಮಿನಲ್ಲಿ ತಿರುಗುವ ಕುರ್ಚಿಯ ಮೇಲೆ ಕೂತು ಫೋನ್ ಎತ್ತುವುದೇ ಕೆಲಸ. ತಿರುಗುವುದು ಕುರ್ಚಿ ಮಾತ್ರ, ಅವನಲ್ಲ. ಫೋನು ಬಂದಾಗ ಒಂದು ಚಹಾ, ಬಾರದಿದ್ದಾಗ ಬೇಜಾರಿಗೆ ಬಿಸ್ಕತ್ತು, ಸೆಕೆಯಾದರೆ ಒಂದು ಬಾಟಲಿ ತಂಪು ಪಾನೀಯ. ಹೀಗೆ ವರ್ಷಗಳು ಉರುಳಿದವು. ಹೆಸರು ಮಾತ್ರ ಅಳಿಲಣ್ಣ ಎಂದೇ ಉಳಿಯಿತು.

ಈಚೆಗೆ ಅವನಿಗೆ ಯಾಕೋ ವಿಪರೀತ ಸುಸ್ತು. ಬಲಗಡೆ ಪಕ್ಕೆಲುಬಿನ ಕೆಳಗೆ ಭಾರ ಇಟ್ಟ ಹಾಗೆ ಅನ್ನಿಸುತ್ತದೆ ಎಂದು ಆಗಾಗ ಕೈ ಒತ್ತಿಕೊಳ್ಳುತ್ತಿದ್ದ. "ಗ್ಯಾಸು" ಎಂದು ತಾನೇ ಹೇಳಿ ತಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದ.

ಅಷ್ಟರಲ್ಲಿ ಆಫೀಸಿನವರಿಗೆಲ್ಲ ಆರೋಗ್ಯ ತಪಾಸಣೆ ನಡೆಯಿತು. ಆ ದಿನ ಅಳಿಲಣ್ಣ ಮನೆಗೆ ಬಂದಾಗ ಮುಖ ಕೆಂಡದಂತಾಗಿತ್ತು. ಅಂಗಿಯೊಂದರ ತೋಳು ಸರಿಮಾಡಿಸಿಕೊಳ್ಳಲು ಅವನ ಅಕ್ಕ ಅಂಗಡಿಗೆ ಬಂದು ಕೂತಿದ್ದಳು. ಪಕ್ಕದ ಬೀದಿಯಲ್ಲೇ ಇರುವ ಈಕೆಯನ್ನು ಎಲ್ಲರೂ ಕರೆಯುವುದು ದೊಡ್ಡಕ್ಕ ಎಂದು. ತಾಯಿ ಇಲ್ಲದ ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು. ಅವನ ವಿಷಯದಲ್ಲಿ ಯಾರಾದರೂ ಒಂದು ಮಾತು ಆಡಿದರೆ ಸಹಿಸುವವಳಲ್ಲ.

"ನನ್ನ ಲಿವರಲ್ಲಿ ಕೊಬ್ಬು ತುಂಬ್ಕೊಂಡಿದೆಯಂತೆ!" ಎಂದ ಅಳಿಲಣ್ಣ, ಚಪ್ಪಲಿಯನ್ನು ಮೂಲೆಗೆ ಒದ್ದು. "ಸ್ಕ್ಯಾನಿಂಗ್ ಮಾಡೋನು ಕೇಳ್ತಾನೆ, ದಿನಾ ಎಷ್ಟು ಹಾಕ್ತೀರಿ ಅಂತ. ಹಿಂದೆ ಸಾಲಲ್ಲಿ ನಿಂತೋರೆಲ್ಲ ಕಿಸಕ್ಕಂತ ನಕ್ರು."

"ಏನು? ನಿನಗಾ?" ದೊಡ್ಡಕ್ಕ ಎದ್ದೇ ನಿಂತಳು. "ನಮ್ಮಪ್ಪ ಹೆಂಡದಂಗಡಿ ಕಂಡ್ರೆ ರಸ್ತೆ ಬದಲಾಯಿಸ್ತಿದ್ದೋರು. ನೀನು ಕೆಮ್ಮಿನ ಔಷಧಿ ಕುಡಿಯೋಕೂ ಮುಖ ಸಿಂಡರಿಸ್ತಿದ್ದೆ. ಮೆಷಿನ್ ಕೆಟ್ಟಿರುತ್ತೆ ಬಿಡೋ."

"ದೊಡ್ಡಾಸ್ಪತ್ರೆಗೆ ಹೋಗಿ ಇನ್ನೊಂದು ಪರೀಕ್ಷೆ ಮಾಡಿಸ್ಕೊಳ್ಳಿ ಅಂದ್ರು. ನಾನು ಹೋಗಲ್ಲ. ಹೋದ್ರೆ ಕುಡುಕ ಅಂತ ನಾನೇ ಒಪ್ಕೊಂಡ ಹಾಗಾಗುತ್ತೆ."

"ಹೋಗ್ಬೇಡ. ಲಿವರ್ ತೊಳೆಯೋ ಪುಡಿ ಸಿಗುತ್ತೆ, ನಾನು ತರ್ತೀನಿ," ಎಂದಳು ದೊಡ್ಡಕ್ಕ.

ಟೈಲರಕ್ಕ ತಲೆ ಬಗ್ಗಿಸಿ ಹೊಲಿಯುತ್ತಲೇ ಇದ್ದಳು. ಹಲ್ಲಿನ ನಡುವೆ ಸೂಜಿ ಇತ್ತು, ಬಾಯಿಬಿಡದಿರಲು ಅದೊಂದು ನೆಪ. ಈ ಮನೆಯಲ್ಲಿ ಇನ್ನಾರಿಗೂ ಗೊತ್ತಿಲ್ಲದ ಒಂದು ಸಂಗತಿ ಅವಳೊಬ್ಬಳಿಗೆ ಗೊತ್ತಿತ್ತು.

ಅದನ್ನು ತಿಳಿಯಬೇಕಾದರೆ ಹಳೆಯ ದಿನಗಳಿಗೆ ಹೋಗಬೇಕು. ಆಗ ಟೈಲರಕ್ಕ ಇನ್ನೂ ಹುಡುಗಿ, ತಂದೆಯ ಹೊಲಿಗೆ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದಳು. ಕರೆಂಟ್ ಆಫೀಸಿನವರ ಸಮವಸ್ತ್ರವೆಲ್ಲ ಅಲ್ಲೇ ಹೊಲಿಯುವುದು. ಒಂದು ಬೆಳಿಗ್ಗೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನೊಬ್ಬ ಅಳತೆ ಕೊಡಲು ಬಂದ. ಟೇಪನ್ನು ಸೊಂಟಕ್ಕೆ ಸುತ್ತಿ ಅವಳು "ಇಪ್ಪತ್ತೊಂಬತ್ತು ಇಂಚು" ಎಂದಳು. ತಂದೆ ನಂಬಲಿಲ್ಲ, ಮತ್ತೆ ಅಳೆಸಿದರು. "ಊಟ ಮಾಡ್ತೀಯೇನಪ್ಪ?" ಎಂದು ಅವಳ ತಂದೆ ಕೇಳಿದರೆ, "ಮಾಡ್ತೀನಿ, ಕಂಬ ಹತ್ತಿದ ತಕ್ಷಣ ಕರಗಿಹೋಗುತ್ತೆ" ಎಂದು ನಕ್ಕ. ಆ ನಗುವಿಗೇ ಅವಳು ಮರುಳಾದದ್ದು. ಅವನೂ ಅಷ್ಟೇ. ಆಮೇಲೆ ಒಂದು ಗುಂಡಿ ಸಡಿಲವಾದರೂ ಅಂಗಡಿಗೆ ಓಡಿ ಬರುತ್ತಿದ್ದ. ಅಷ್ಟೊಂದು ಗುಂಡಿಗಳು ತಾವಾಗಿಯೇ ಸಡಿಲವಾಗುವುದಿಲ್ಲ ಎಂಬುದು ತಂದೆಗೂ ಗೊತ್ತಿತ್ತು, ಪಾಪ, ಕಂಡೂ ಕಾಣದಂತಿದ್ದರು.

ಮದುವೆಯಾದ ಹೊಸತರಲ್ಲಿ ಎಂಥ ದಿನಗಳವು! ಕೆಲಸ ಮುಗಿಸಿ ಅವನು ನಡೆದೇ ಬರುತ್ತಿದ್ದ. ಅವಳು ಅಂಗಡಿ ಮುಚ್ಚಿ ಬೀದಿಯ ತಿರುವಿನವರೆಗೆ ಎದುರು ಹೋಗುತ್ತಿದ್ದಳು. ಇಬ್ಬರೂ ಬಳಸುದಾರಿ ಹಿಡಿದು ಮಾತಾಡುತ್ತ ಮಾತಾಡುತ್ತ ಮನೆ ಸೇರುವಷ್ಟರಲ್ಲಿ ಬೀದಿ ದೀಪಗಳು ಹತ್ತಿರುತ್ತಿದ್ದವು. "ಇವೆಲ್ಲ ನಾನು ಹಚ್ಚಿದ್ದು" ಎಂದು ಅವನು ಇಡೀ ಬೀದಿಯನ್ನೇ ಅವಳಿಗೆ ತೋರಿಸುತ್ತಿದ್ದ.

ಬಡ್ತಿ ಬಂದಾಗ ಎಲ್ಲರೂ ಖುಷಿಪಟ್ಟರು, ಅವನನ್ನು ಬಿಟ್ಟು. ಕೂತು ಕೂತು ಮಂಕಾದ. ಒಂದು ದಿನ ಆಫೀಸಿನಲ್ಲಿ ಕೆಳಗೆ ಬಿದ್ದ ಪೆನ್ನು ಎತ್ತಿಕೊಳ್ಳಲು ಬಗ್ಗಿದಾಗ ಪ್ಯಾಂಟಿನ ಗುಂಡಿ ಕಿತ್ತು ಹಾರಿಹೋಯಿತು. ಹೊಸ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಜೆ ಅಂಗಿಯನ್ನು ಹೊರಗೆ ಬಿಟ್ಟುಕೊಂಡು ಬಂದವನು ಊಟ ಬೇಡವೆಂದು ಗೋಡೆ ಕಡೆ ತಿರುಗಿ ಮಲಗಿದ. ಅವನ ಆ ಮುಖವನ್ನು ಅವಳಿಂದ ನೋಡಲಾಗಲಿಲ್ಲ.

ಮರುದಿನ ಅವನು ಕೆಲಸಕ್ಕೆ ಹೋದ ಮೇಲೆ ಅವಳು ಪ್ಯಾಂಟಿನ ಹಿಂದಿನ ಹೊಲಿಗೆ ಬಿಚ್ಚಿದಳು. ಟೈಲರುಗಳು ಅಲ್ಲಿ ಒಳಗಡೆ ಒಂದಿಷ್ಟು ಬಟ್ಟೆ ಉಳಿಸಿರುತ್ತಾರೆ, ಬೇಕಾದಾಗ ಬಿಚ್ಚಿ ಅಗಲ ಮಾಡಲೆಂದು. ಅದನ್ನು ಬಿಡಿಸಿ ಹೊಲಿದು, ಇಸ್ತ್ರಿ ಮಾಡಿ, ಏನೂ ಆಗಿಲ್ಲವೆಂಬಂತೆ ಗೂಟಕ್ಕೆ ನೇತುಹಾಕಿದಳು. ಅವನು ಹಾಕಿಕೊಂಡು ಕನ್ನಡಿ ಮುಂದೆ ನಿಂತ. "ನೋಡು, ಆವತ್ತು ದಾರವೇ ಸವೆದಿತ್ತು ಅಷ್ಟೇ. ಪ್ಯಾಂಟು ಸರಿಯಾಗೇ ಇದೆ" ಎಂದ. ಎಷ್ಟೋ ದಿನದ ಮೇಲೆ ಮುಖ ಅರಳಿತ್ತು. ಅವಳಿಗೆ ಅಷ್ಟೇ ಸಾಕಾಗಿತ್ತು.

ಅಲ್ಲಿಂದ ಅದೊಂದು ಅಭ್ಯಾಸವಾಗಿ ಹೋಯಿತು. ಪ್ಯಾಂಟು ಬಿಗಿಯಾಗುವ ಸೂಚನೆ ಕಂಡರೆ ಸಾಕು, ಅವನಿಗೆ ತಿಳಿಯುವ ಮೊದಲೇ ಬಿಚ್ಚಿ ಸಡಿಲಿಸುತ್ತಿದ್ದಳು. ಒಳಗಿನ ಬಟ್ಟೆ ಮುಗಿದಾಗ ಅದೇ ಅಂಗಡಿಯಿಂದ ಅದೇ ಬಣ್ಣದ ಬಟ್ಟೆ ತಂದು, ಹೊಸ ಪ್ಯಾಂಟು ಹೊಲಿದು, ಹಳೆಯದರ ಜಾಗದಲ್ಲಿ ಇಟ್ಟುಬಿಡುತ್ತಿದ್ದಳು. ಅವನು ಸಿಕ್ಕಸಿಕ್ಕವರ ಮುಂದೆ "ನನ್ನ ಅಳತೆ ಬದಲಾಗಿಲ್ಲ ಕಣ್ರೀ" ಎಂದು ಎದೆಯುಬ್ಬಿಸುತ್ತಿದ್ದ. ಸ್ವಲ್ಪ ಹೊಟ್ಟೆ ಬಂದಿದೆ ಎಂದು ಯಾರಾದರೂ ಅಂದರೆ ಅದೂ ಗ್ಯಾಸು! ಅವಳು ತಲೆ ಬಗ್ಗಿಸಿ ಮೆಷಿನ್ ತುಳಿಯುತ್ತಿದ್ದಳು. ಇಪ್ಪತ್ತೊಂಬತ್ತು ಇದ್ದದ್ದು ನಲವತ್ತೊಂದಕ್ಕೆ ಬಂದು ಮುಟ್ಟಿತ್ತು.

ತಪಾಸಣೆಯ ಮರುದಿನವೇ ದೊಡ್ಡಕ್ಕ ತಾನು ಹೇಳಿದಂತೆ ಹಸಿರು ಪುಡಿಯ ಡಬ್ಬಿ ತಂದುಕೊಟ್ಟಳು. ಅಳಿಲಣ್ಣ ಅದನ್ನು ನೀರಿಗೆ ಕದಡಿ ಕುಡಿಯತೊಡಗಿದ. ಅದೇ ದಿನಗಳಲ್ಲಿ ಅಂಗಡಿಗೆ ಬಂದವಳು ನರ್ಸಮ್ಮ. ಸಣ್ಣವರಿದ್ದಾಗ ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳತಿ, ಈಗ ದೊಡ್ಡಾಸ್ಪತ್ರೆಯಲ್ಲಿ ಕೆಲಸ. ಅವಳ ಬಿಳಿ ಸಮವಸ್ತ್ರಕ್ಕೆ ಅಳತೆ ತೆಗೆಯುತ್ತ ಟೈಲರಕ್ಕ ಮೆಲ್ಲಗೆ ಮಾತು ಶುರುಮಾಡಿದಳು.

"ನನ್ನ ಗಿರಾಕಿ ಒಬ್ರಿಗೆ ಲಿವರಲ್ಲಿ ಕೊಬ್ಬು ಅಂದ್ರಂತೆ. ಅವರು ಕುಡಿಯೋರೇ ಅಲ್ಲ. ಹಂಗೂ ಬರುತ್ತಾ?"

"ಬರದೆ ಏನು? ಕುಡಿಯೋರಿಗೆ ಬರೋದು ಒಂದು ಬಗೆ. ಕುಡಿಯದೇ ಇರೋರಿಗೆ ಬರೋದೇ ಈಗ ಎಲ್ಲೆಲ್ಲೂ ಕಾಣ್ತಿರೋದು. ನಾವು ತಿಂದದ್ದು ಖರ್ಚಾಗದೆ ಉಳಿದ್ರೆ ಎಲ್ಲಿಗೆ ಹೋಗ್ಬೇಕು ಹೇಳು? ಸ್ವಲ್ಪ ಸೊಂಟಕ್ಕೆ, ಸ್ವಲ್ಪ ಲಿವರಿಗೆ. ಕೂತೇ ಮಾಡೋ ಕೆಲಸ, ಸಿಹಿ ಪಾನೀಯ, ಕರಿದ ತಿಂಡಿ, ಹೊಟ್ಟೆ ಸುತ್ತ ಬೊಜ್ಜು, ಸಕ್ಕರೆ ಕಾಯಿಲೆ, ರಕ್ತದಲ್ಲಿ ಕೊಬ್ಬು ಜಾಸ್ತಿ ಇರೋದು, ಇವೆಲ್ಲ ಕಾರಣ. ಕೆಲವು ಔಷಧಿಯಿಂದಲೂ ಆಗಬಹುದು. ಮನೆತನದಲ್ಲಿ ಇದ್ರೆ ಬೇಗ ಬರುತ್ತೆ. ಸಣ್ಣಗಿರೋರಿಗೂ ಬರುತ್ತೆ, ಗೊತ್ತಾ?"

"ಅವರಿಗೆ ನೋವೇನೂ ಅಷ್ಟಿಲ್ಲವಂತೆ. ಬರೀ ಸುಸ್ತು."

"ಅದೇ ಅದರ ಮೋಸ. ಲಿವರ್ ಬಾಯಿ ಸತ್ತ ಸೊಸೆ ಇದ್ದ ಹಾಗೆ. ಏನಾದ್ರೂ ದೂರು ಹೇಳೋದು ಎಲ್ಲಾ ಮಿತಿಮೀರಿದ ಮೇಲೆ. ಮೊದಲು ಕೊಬ್ಬು ತುಂಬುತ್ತೆ. ಕೆಲವರಲ್ಲಿ ಆಮೇಲೆ ಊತ ಬರುತ್ತೆ, ಊತದಿಂದ ಒಳಗೆ ಗಾಯ, ಗಾಯದ ಮೇಲೆ ಗಾಯ ಆಗಿ ಲಿವರ್ ಗಟ್ಟಿಯಾಗಿ ಕುಗ್ಗಿಹೋಗುತ್ತೆ. ಹೊಟ್ಟೆಯಲ್ಲಿ ನೀರು ತುಂಬೋದು, ಕಣ್ಣು ಹಳದಿ ಆಗೋದು, ರಕ್ತ ವಾಂತಿ ಆಗೋದು ಅಲ್ಲಿಗೆ ಬಂದಾಗ. ಕ್ಯಾನ್ಸರ್ ಕೂಡ ಬರಬಹುದು. ಹೃದಯಕ್ಕಂತೂ ಇದು ಮೊದಲಿಂದಲೇ ಶತ್ರು."

ಟೈಲರಕ್ಕನ ಕೈಯಲ್ಲಿದ್ದ ಟೇಪು ಜಾರಿತು. ನರ್ಸಮ್ಮ ಅವಳ ಮುಖ ನೋಡಿದಳು. ನಂತರ ಒಳಬಾಗಿಲಿನ ಆಚೆಯಿಂದ ಬರುತ್ತಿದ್ದ ಗೊರಕೆಗೆ ಕಿವಿಗೊಟ್ಟಳು.

"ಗಿರಾಕಿ ಅಂದ್ಯಲ್ಲ, ನಿನ್ನ ಹತ್ರ ದುಡ್ಡು ಕೊಡದೆ ಹೊಲಿಸ್ಕೊಳ್ಳೋ ಗಿರಾಕೀನಾ?"

ಟೈಲರಕ್ಕನಿಗೆ ಅಳು ತಡೆಯಲಾಗಲಿಲ್ಲ.

"ಅಳಬೇಡ ಕಣೇ. ಇದರಲ್ಲಿ ಒಳ್ಳೇ ಸಂಗತೀನೂ ಇದೆ. ಬೇಗ ಗೊತ್ತಾದ್ರೆ ಲಿವರ್ ಸುಧಾರಿಸ್ಕೊಳ್ಳುತ್ತೆ. ಅಷ್ಟು ಒಳ್ಳೇ ಅಂಗ ಅದು. ತಡ ಮಾಡಿದ್ರೆ ಮಾತ್ರ ಕೈಮೀರುತ್ತೆ. ಪರೀಕ್ಷೆಗೆ ಕರ್ಕೊಂಡು ಬಾ, ನೋವೇನೂ ಆಗಲ್ಲ, ಪಕ್ಕೆ ಮೇಲೆ ಕಡ್ಡಿಯಂಥ ಒಂದು ಯಂತ್ರ ಇಟ್ಟು ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ನೋಡ್ತಾರೆ. ರಕ್ತಾನೂ ಪರೀಕ್ಷೆ ಮಾಡ್ತಾರೆ. ರಕ್ತದ ವರದಿ ಸರಿ ಇದ್ರೂ ಕೊಬ್ಬಿರಬಹುದು, ಅದಕ್ಕೇ ಎರಡೂ ಬೇಕು. ಅಲ್ಲಿ ಮೇಜಿನ ಮೇಲಿರೋ ಆ ಹಸಿರು ಪುಡಿ ಯಾರದು?"

"ಲಿವರ್ ತೊಳೆಯುತ್ತಂತೆ."

"ಲಿವರ್ ಏನು ಪಾತ್ರೆಯೇನೇ ತೊಳೆಯೋಕೆ? ಇಂಥ ಪುಡಿ ತಿಂದು ಇದ್ದ ಲಿವರನ್ನೂ ಕೆಡಿಸ್ಕೊಂಡು ಬಂದೋರನ್ನ ನೋಡಿದ್ದೀನಿ. ಡಾಕ್ಟರು ಹೇಳದ ಯಾವುದೂ ಬೇಡ."

ಅಳಿಲಣ್ಣನನ್ನು ಹೊರಡಿಸುವುದು ಹುಡುಗಾಟವಾಗಿರಲಿಲ್ಲ. ಕೊನೆಗೆ ಟೈಲರಕ್ಕ, "ಕುಡಿದಿಲ್ಲ ಅಂತ ನಿಮಗೆ ಗೊತ್ತಲ್ಲ, ಹೋಗಿ ಆ ಮೆಷಿನ್ನೇ ತಪ್ಪು ಅಂತ ತೋರಿಸಿಬಿಡಿ" ಎಂದಳು. ಆ ಮಾತು ನಾಟಿತು. ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು ಯುದ್ಧಕ್ಕೆ ಹೊರಟವನಂತೆ ಹೊರಟ.

ಪರೀಕ್ಷೆಗಳು ಮುಗಿದ ಮೇಲೆ ಡಾಕ್ಟರಮ್ಮನ ಕೋಣೆಯಲ್ಲಿ ಗಂಡ ಹೆಂಡತಿ ಅಕ್ಕಪಕ್ಕ ಕೂತರು. ಡಾಕ್ಟರಮ್ಮ ಸಮಾಧಾನದ ಹೆಂಗಸು. ವರದಿ ನೋಡಿ ಕನ್ನಡಕ ತೆಗೆದಿಟ್ಟರು.

"ಕೊಬ್ಬು ಚೆನ್ನಾಗಿಯೇ ತುಂಬಿದೆ. ಗಾಯವೂ ಶುರುವಾಗಿದೆ. ರಕ್ತದಲ್ಲಿ ಸಕ್ಕರೆ ಕೂಡ ಜಾಸ್ತಿ ಇದೆ. ತೂಕ ಯಾವಾಗಿಂದ ಹೆಚ್ಚಾಯ್ತು?"

"ಹೆಚ್ಚಾಗಿಲ್ಲ ಡಾಕ್ಟ್ರೇ. ನನ್ನ ಮೈಯೇ ಹೀಗೆ. ಎಷ್ಟೋ ವರ್ಷದಿಂದ ಒಂದೇ ಅಳತೆ. ಇವಳೇ ಹೊಲಿಯೋದು, ಕೇಳಿ ಬೇಕಾದ್ರೆ."

ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ತೂಕ ಏರಿಲ್ಲ ಅಂದ್ರೆ ಬೇರೆ ಕಾರಣಾನೂ ಹುಡುಕಬೇಕಾಗುತ್ತೆ. ಬೇಸರ ಮಾಡ್ಕೋಬೇಡಿ, ಇದನ್ನ ಎಲ್ಲರಿಗೂ ಕೇಳ್ತೀವಿ. ಮದ್ಯದ ಅಭ್ಯಾಸ ಇದೆಯಾ? ಅಪರೂಪಕ್ಕಾದರೂ? ನಿಜ ಹೇಳಿದ್ರೆ ನಿಮಗೇ ಒಳ್ಳೇದು."

ಅಳಿಲಣ್ಣ "ಇಲ್ಲ" ಎಂದ. ಆ ಇಲ್ಲ ಅವನ ಕಿವಿಗೇ ಸುಳ್ಳಿನಂತೆ ಕೇಳಿಸಿತು. ಅಷ್ಟು ದೊಡ್ಡ ಮೈಯ ಮನುಷ್ಯ ಕುರ್ಚಿಯಲ್ಲಿ ಕುಗ್ಗಿಹೋದ. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದವನು ಕಳ್ಳನಂತೆ ನೆಲ ನೋಡುತ್ತ ಕೂತ.

ಟೈಲರಕ್ಕನಿಗೆ ಆಗ ಕಣ್ಣು ತೆರೆಯಿತು. ತಾನು ಮುಚ್ಚಿಟ್ಟಿದ್ದರಿಂದ ಇವನ ಸತ್ಯಕ್ಕೆ ಬೆಲೆ ಇಲ್ಲದಂತಾಗಿದೆ. ಈಗಲೂ ಸುಮ್ಮನಿದ್ದರೆ ಇವರು ಇಲ್ಲದ ಕಾರಣ ಹುಡುಕುತ್ತ ಕೂರುತ್ತಾರೆ, ಅಷ್ಟರಲ್ಲಿ ಇವನ ಲಿವರ್ ಕಲ್ಲಾಗುತ್ತದೆ.

"ಅವರು ಕುಡಿಯಲ್ಲ ಡಾಕ್ಟ್ರೇ. ಅದು ಸತ್ಯ," ಎಂದಳು. "ತೂಕ ಏರಿಲ್ಲ ಅನ್ನೋದು ಮಾತ್ರ ಸುಳ್ಳು. ಅವರದಲ್ಲ, ನನ್ನ ಸುಳ್ಳು. ಪ್ಯಾಂಟು ಬಿಗಿಯಾದಾಗೆಲ್ಲ ನಾನೇ ಬಿಚ್ಚಿ ದೊಡ್ಡದು ಮಾಡ್ತಿದ್ದೆ. ಅವರಿಗೆ ಗೊತ್ತೇ ಇಲ್ಲ. ಸೊಂಟ ಇಪ್ಪತ್ತೊಂಬತ್ತು ಇಂಚು ಇತ್ತು, ಈಗ ನಲವತ್ತೊಂದು."

ಅಳಿಲಣ್ಣ ಹೆಂಡತಿಯನ್ನು ನೋಡಿದ, ತನ್ನ ಹೊಟ್ಟೆಯನ್ನು ನೋಡಿಕೊಂಡ, ಮತ್ತೆ ಹೆಂಡತಿಯನ್ನು ನೋಡಿದ.

ಡಾಕ್ಟರಮ್ಮ ಬೈಯಲಿಲ್ಲ. "ಒಳ್ಳೇದಾಯ್ತು, ಈಗ ಕಾರಣ ಸಿಕ್ತು" ಎಂದರು. "ಇನ್ನೂ ಕಾಲ ಮಿಂಚಿಲ್ಲ. ಈಗಿನ ತೂಕದಲ್ಲಿ ನೂರಕ್ಕೆ ಏಳರಿಂದ ಹತ್ತು ಪಾಲು ಇಳಿಸಿದ್ರೆ ಊತ ಇಳಿಯುತ್ತೆ, ಗಾಯ ಕೂಡ ಮಾಯೋಕೆ ಶುರುವಾಗಬಹುದು. ಆದ್ರೆ ನಿಧಾನವಾಗಿ. ಉಪವಾಸ ಬಿದ್ದು ಒಂದೇ ಸಲ ಇಳಿಸಿದ್ರೆ ಲಿವರಿಗೇ ತೊಂದ್ರೆ."

"ಮಾತ್ರೆ ಇಲ್ವಾ?" ಎಂದ ಅಳಿಲಣ್ಣ, ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣ ದನಿಯಲ್ಲಿ.

"ಸಕ್ಕರೆ ಕಾಯಿಲೆಗೆ ಕೊಡ್ತೀನಿ, ಅದನ್ನ ತಪ್ಪಿಸಬೇಡಿ. ಲಿವರಿಗೇ ಅಂತ ಕೆಲವು ಔಷಧಿ ಬಂದಿವೆ, ಎಲ್ಲರಿಗೂ ಬೇಕಾಗಲ್ಲ. ಯಾರಿಗೆ ಬೇಕು ಅಂತ ನಾವು ನೋಡಿ ಹೇಳ್ತೀವಿ. ನಿಮ್ಮ ಮುಖ್ಯ ಔಷಧಿ ನಿಮ್ಮ ಕಾಲು, ನಿಮ್ಮ ತಟ್ಟೆ. ದಿನಾ ಅರ್ಧ ಗಂಟೆಗೆ ಕಡಿಮೆ ಇಲ್ಲದ ಹಾಗೆ ಚುರುಕಾಗಿ ನಡೀರಿ. ಸಿಹಿ ಪಾನೀಯ ಪೂರ್ತಿ ಬಿಡಿ. ತಟ್ಟೆಯಲ್ಲಿ ಅರ್ಧ ತರಕಾರಿ ಇರಲಿ. ಮದ್ಯ ಮುಟ್ಟಿಲ್ಲ ಅಲ್ವಾ, ಮುಂದೂ ಮುಟ್ಟಬೇಡಿ."

ಮನೆಗೆ ಬರುವಾಗ ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಮುಖ ತಿರುಗಿಸಿದ್ದ. ಅಂಗಡಿಯ ಬಾಗಿಲು ತೆಗೆದು ಒಳಗೆ ಬಂದ ಮೇಲೆ ಅವನು ಕನ್ನಡಿಯ ಮುಂದೆ ನಿಂತ. ಬಹಳ ಹೊತ್ತು ನಿಂತ.

"ನನಗೆ ಯಾಕೆ ಹೇಳ್ಲಿಲ್ಲ?"

"ಆವತ್ತು ಗುಂಡಿ ಕಿತ್ತುಹೋದಾಗ ನಿಮ್ಮ ಮುಖ ನೋಡೋಕಾಗ್ಲಿಲ್ಲ ನನಗೆ. ನೀವು ನನ್ನ ಕಣ್ಣಿಗೆ ಇನ್ನೂ ಅದೇ ಕಂಬ ಹತ್ತೋ ಹುಡುಗ ರೀ. ನಿಮಗೂ ಹಾಗೇ ಅನ್ನಿಸ್ಲಿ ಅಂತ... ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊಳ್ಳಿ."

ಅವನ ತುಟಿ ಅದುರಿತು. ಅಳುತ್ತಾನೆಂದುಕೊಂಡಳು. ಅವನು ನಕ್ಕುಬಿಟ್ಟ. "ಹೊಟ್ಟೆಗೆ ಹಾಕ್ಕೊಂಡದ್ದು ಸಾಕಾಗಿದೆ ಮಾರಾಯ್ತಿ, ಇನ್ನೂ ಹಾಕ್ಕೋ ಅಂತೀಯಲ್ಲ!" ಎಂದ. ಆಮೇಲೆ ಇಬ್ಬರೂ ಅತ್ತರು. ಅತ್ತು ಹಗುರಾದ ಮೇಲೆ ಅವನೇ ಹಸಿರು ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿದ.

ಮೊದಲ ವಾರ ಉತ್ಸಾಹದಲ್ಲಿ ಒಪ್ಪೊತ್ತು ಮಾಡಿ ತಲೆ ಸುತ್ತಿ ಬಿದ್ದ. ನರ್ಸಮ್ಮ ಬಂದು ಚೆನ್ನಾಗಿ ಉಗಿದಳು. "ಸಕ್ಕರೆ ಮಾತ್ರೆ ನುಂಗಿ ಉಪವಾಸ ಕೂತ್ರೆ ತಲೆ ಸುತ್ತದೆ ಇನ್ನೇನಾಗುತ್ತೆ? ನಿಧಾನ ಅಂದ್ರೆ ಏನು ಅಂತ ಗೊತ್ತಿಲ್ವಾ ನಿಮಗೆ?" ಅಲ್ಲಿಂದ ಅವನು ದಾರಿಗೆ ಬಂದ. ಹೊತ್ತು ಹೊತ್ತಿಗೆ ಊಟ, ಆದರೆ ಕಾಳು, ಮೊಟ್ಟೆ, ತರಕಾರಿ ಹೆಚ್ಚು, ಬಿಳಿ ಬ್ರೆಡ್ಡು, ಸಕ್ಕರೆ ಕಡಿಮೆ. ಚಹಾಕ್ಕೆ ಸಕ್ಕರೆ ಇಲ್ಲದ ದಿನ ಅವನ ಮುಖ ನೋಡಬೇಕಿತ್ತು! ಆಫೀಸಿನಲ್ಲಿ ಫೋನ್ ಬಂದಾಗ ನಿಂತು ಮಾತಾಡತೊಡಗಿದ. ಆ ಗೊರಕೆಯ ವಿಷಯವನ್ನೂ ಡಾಕ್ಟರಮ್ಮನಿಗೆ ಹೇಳಿ ತೋರಿಸಿಕೊಂಡ.

ಸಂಜೆ ಇಬ್ಬರೂ ನಡೆಯಲು ಹೊರಡುತ್ತಿದ್ದರು. ಎಲ್ಲಿಗೆ ಹೋಗುವುದೆಂದು ತಿಳಿಯದೆ ಅವನು ಮೊದಲು ಹಿಡಿದದ್ದು ತನ್ನ ಹಳೆಯ ಲೈನಿನ ದಾರಿ. ಒಂದೊಂದು ಕಂಬ ಬಂದಾಗಲೂ ಒಂದೊಂದು ಕಥೆ.

"ಆ ದೊಡ್ಡ ಗಾಳಿ ಬಂದಿತ್ತಲ್ಲ, ಆಗ ನಾನು ಇದರ ಮೇಲೆ. ಕೆಳಗೆ ಇಡೀ ಬೀದಿ ಉಸಿರು ಬಿಗಿಹಿಡ್ಕೊಂಡು ನಿಂತಿತ್ತು. ಲೈಟ್ ಬಂದಾಗ ಎಲ್ಲಾ ಮನೆಯಿಂದ ಹೋ ಅಂತ ಕೂಗಿದ್ರು. ಒಬ್ಬ ಅಜ್ಜಿ ಬಂದು ಕೆನ್ನೆ ಸವರಿದ್ರು."

"ಈ ತಿರುವಲ್ಲೇ ಅಲ್ವಾ ನಾನು ಕಾಯ್ತಿದ್ದದ್ದು?"

"ಇದೇ. ಆಗ ಇಲ್ಲೊಂದು ಮರ ಇತ್ತು."

ಮರ ಇರಲಿಲ್ಲ, ಹಳೆಯ ಅಂಗಡಿಗಳೂ ಇರಲಿಲ್ಲ. ಆದರೂ ಆ ದಾರಿಯಲ್ಲಿ ನಡೆಯುವಾಗ ಅವಳಿಗೆ ಕಳೆದುಹೋದದ್ದೇನೋ ಒಂದಿಷ್ಟು ಕೈಗೆ ಸಿಕ್ಕಂತಾಗುತ್ತಿತ್ತು. ಮೊದಲು ಎರಡು ಕಂಬಕ್ಕೊಮ್ಮೆ ನಿಂತು ಏದುಸಿರು ಬಿಡುತ್ತಿದ್ದವನು ಬರಬರುತ್ತ ಅವಳನ್ನೇ ಹಿಂದೆ ಹಾಕಿ ಹೋಗತೊಡಗಿದ. "ನಿಲ್ರೀ, ನನಗೇನು ಲಿವರ್ ಇಲ್ವಾ?" ಎಂದು ಅವಳು ಹಿಂದಿನಿಂದ ಕೂಗಬೇಕಾಗುತ್ತಿತ್ತು.

ದೊಡ್ಡಕ್ಕನಿಗೆ ಮಾತ್ರ ಇದೊಂದೂ ಸರಿಬರಲಿಲ್ಲ. "ನನ್ನ ತಮ್ಮನ್ನ ಅರೆಹೊಟ್ಟೆಯಲ್ಲಿ ಇಟ್ಟಿದ್ದೀಯ. ಕೆನ್ನೆ ಒಳಗೆ ಹೋಗಿದೆ. ಇಲ್ಲದ ಕಾಯಿಲೆ ಹಚ್ಚಿ ಕೊಲ್ತಿದ್ದೀಯ" ಎಂದು ಅಂಗಡಿಯಲ್ಲಿ ಗಿರಾಕಿಗಳ ಎದುರೇ ರೇಗಿದಳು. ಆ ಕೋಪದ ತಳದಲ್ಲಿದ್ದದ್ದು ಪ್ರೀತಿಯೇ ಎಂದು ಟೈಲರಕ್ಕನಿಗೆ ಗೊತ್ತಿತ್ತು, ತಾನೂ ಅದೇ ಪ್ರೀತಿಯಲ್ಲೇ ದಾರಿ ತಪ್ಪಿದವಳಲ್ಲವೇ.

ವರ್ಷ ತುಂಬುವ ಹೊತ್ತಿಗೆ ಮತ್ತೆ ಪರೀಕ್ಷೆ ಮಾಡಿದರು. ಕೊಬ್ಬು ಬಹಳ ಇಳಿದಿತ್ತು. ಲಿವರಿನ ಗಡಸುತನವೂ ಕಡಿಮೆಯಾಗಿತ್ತು. "ಗಾಯ ಮುಂದುವರಿದಿಲ್ಲ, ಹಿಂದಕ್ಕೆ ಹೋಗ್ತಿದೆ. ನಡಿಗೆ ಮಾತ್ರ ಬಿಡಬೇಡಿ, ಬಿಟ್ಟರೆ ಮತ್ತೆ ಬರುತ್ತೆ" ಎಂದರು ಡಾಕ್ಟರಮ್ಮ. ಅಳಿಲಣ್ಣ ಆಫೀಸಿಗೆ ಹೋದವನೇ, ಹಿಂದೆ ಸಾಲಿನಲ್ಲಿ ನಿಂತು ನಕ್ಕವರನ್ನೆಲ್ಲ ಕರೆದು ಕೂರಿಸಿದ. "ನನಗೆ ಲಿವರ್ ಕಾಯಿಲೆ ಇದೆ. ನಾನು ಕುಡಿಯೋನಲ್ಲ. ನೀವು ಆವತ್ತು ನಕ್ಕಿದ್ರಲ್ಲ, ನಿಮ್ಮಲ್ಲಿ ಎಷ್ಟು ಜನಕ್ಕೆ ಇದೆಯೋ ನಿಮಗೇ ಗೊತ್ತಿಲ್ಲ. ಹೋಗಿ ಪರೀಕ್ಷೆ ಮಾಡಿಸ್ಕೊಳ್ಳಿ" ಎಂದ. ಈ ಸಲ ಯಾರೂ ನಗಲಿಲ್ಲ.

ಆ ಸುದ್ದಿ ದೊಡ್ಡಕ್ಕನಿಗೂ ಮುಟ್ಟಿತು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿ ಬಂದಳು. ಬಂದವಳು ಕೂರಲಿಲ್ಲ.

"ಮನೆತನದಲ್ಲಿ ಇದ್ರೆ ಬರುತ್ತೆ ಅಂತ ಹೇಳಿದ್ಲಂತಲ್ಲ ನಿನ್ನ ನರ್ಸು. ನನಗೆ ಸಕ್ಕರೆ ಕಾಯಿಲೆ ಬಂದು ಎಷ್ಟು ವರ್ಷ ಆಯ್ತು... ಈಚೆಗೆ ನನಗೂ ಇಲ್ಲಿ ಭಾರ" ಎಂದು ಬಲ ಪಕ್ಕೆ ತೋರಿಸಿದಳು. ಗದರುವ ಆ ದನಿಯಲ್ಲಿ ಹೆದರಿಕೆ ಇತ್ತು. "ನನ್ನ ಅಳತೆ ತೆಗಿ."

ಟೈಲರಕ್ಕ ಅವಳನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ ಟೇಪು ಸುತ್ತಿದಳು. ದೊಡ್ಡಕ್ಕ ಉಸಿರೆಳೆದು ಹೊಟ್ಟೆ ಒಳಗೆ ಹಾಕಿಕೊಂಡಳು.

"ಉಸಿರು ಬಿಡಿ ಅಕ್ಕ."

"ಬಿಟ್ರೆ ಜಾಸ್ತಿ ಬರುತ್ತಲ್ಲೇ!"

"ಬರ್ಲಿ."

ದೊಡ್ಡಕ್ಕ ಉಸಿರು ಬಿಟ್ಟಳು. ಟೈಲರಕ್ಕ ಟೇಪಿನ ಅಂಕಿ ನೋಡಿದಳು. ನಾಲಿಗೆಯ ತುದಿಗೆ ಹಳೆಯ ಸಮಾಧಾನದ ಮಾತುಗಳು ಬಂದವು: ಬಟ್ಟೆ ಒಗೆದು ಕುಗ್ಗಿರುತ್ತೆ, ವಯಸ್ಸಾದ ಮೇಲೆ ಇಷ್ಟು ಇರುತ್ತೆ, ಚಿಂತೆ ಮಾಡಬೇಡಿ. ಅವನ್ನೆಲ್ಲ ನುಂಗಿಕೊಂಡು ಇದ್ದ ಅಂಕಿಯನ್ನು ಇದ್ದ ಹಾಗೆ ಗಟ್ಟಿಯಾಗಿ ಹೇಳಿದಳು.

"ನಲವತ್ಮೂರು ಇಂಚು, ಅಕ್ಕ. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ನಾನು ಜೊತೆಗೆ ಬರ್ತೀನಿ."

ದೊಡ್ಡಕ್ಕ ಅವಳ ಕೈ ಹಿಡಿದುಕೊಂಡಳು. "ನಿಜ ಹೇಳಿದ್ಯಲ್ಲ, ಅಷ್ಟು ಸಾಕು" ಎಂದಳು.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಇದನ್ನು ಪಕ್ಕದವರಿಗೆ ಓದಿ ಹೇಳುತ್ತಿರುವವರೇ, ನಿಮ್ಮನ್ನೂ ಒಂದು ಮಾತು ಕೇಳುತ್ತೇವೆ. ಮನೆಯಲ್ಲಿ ಟೇಪು ಇದ್ದರೆ ತನ್ನಿ, ಇಲ್ಲದಿದ್ದರೆ ಪಕ್ಕದ ಟೈಲರ ಹತ್ತಿರ ಹೋಗಿ. ಉಸಿರು ಬಿಟ್ಟು ಸೊಂಟದ ಸುತ್ತಳತೆ ಅಳೆಸಿಕೊಳ್ಳಿ. ಗಂಡಸರಿಗೆ ತೊಂಬತ್ತು ಸೆಂಟಿಮೀಟರ್, ಅಂದರೆ ಸುಮಾರು ಮೂವತ್ತೈದು ಇಂಚು, ಹೆಂಗಸರಿಗೆ ಎಂಬತ್ತು ಸೆಂಟಿಮೀಟರ್, ಅಂದರೆ ಸುಮಾರು ಮೂವತ್ತೊಂದೂವರೆ ಇಂಚು ದಾಟಿದ್ದರೆ, ಅಥವಾ ಸಕ್ಕರೆ ಕಾಯಿಲೆ ಇದ್ದರೆ, ನೀವು ಕುಡಿಯದವರಾದರೂ, ಸಣ್ಣಗಿದ್ದರೂ, ಮುಂದಿನ ಸಲ ಡಾಕ್ಟರ ಬಳಿ ಹೋದಾಗ "ನನ್ನ ಲಿವರನ್ನೂ ನೋಡಿ" ಎಂದು ಬಾಯಿಬಿಟ್ಟು ಕೇಳಿ. ಕಣ್ಣು ಹಳದಿಯಾದರೆ, ಹೊಟ್ಟೆ ಕಾಲು ಊದಿಕೊಂಡರೆ, ರಕ್ತ ವಾಂತಿಯಾದರೆ ಒಂದು ಗಳಿಗೆಯೂ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ. ಕಂಡಕಂಡ ಪುಡಿ, ಕಷಾಯಗಳನ್ನು ನಂಬಬೇಡಿ. ಲಿವರ್ ಕಾಯಿಲೆ ಇದೆ ಎಂದವರನ್ನು ಕುಡುಕರೆಂದು ನಗಬೇಡಿ, ಆ ನಗುವಿಗೆ ಹೆದರಿಯೇ ಎಷ್ಟೋ ಜನ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ.

ಮತ್ತೆ, ನಿಮ್ಮವರ ಮೈ ಬದಲಾಗುತ್ತಿರುವುದು ಎಲ್ಲರಿಗಿಂತ ಮೊದಲು ಕಾಣುವುದು ನಿಮಗೇ. ಮನಸ್ಸು ನೋಯುತ್ತದೆಂದು ಮುಚ್ಚಿಡಬೇಡಿ. ಪಕ್ಕದಲ್ಲಿ ಕೂತು, ಕೈ ಹಿಡಿದು, ಇವತ್ತೇ ಹೇಳಿ.